ಖಾಲಿ ಗಾಡಿಯಲ್ಲಿ ಬಾರದ ಸದ್ದು

ಮರುಳಪ್ಪ ಎಂಬ ಶಿಷ್ಯ ಒಂದು ಮಧ್ಯಾಹ್ನ ಗುರುವನ್ನು ಕೇಳಿದ:

"ಗುರುಗಳೇ, ಮಠದಲ್ಲಿದ್ದಷ್ಟು ದಿನ ನನ್ನ ಮನಸ್ಸು ತಿಳಿಯಾಗಿರುತ್ತದೆ. ಮನೆಗೆ ಹೋದ ಅರ್ಧ ದಿನಕ್ಕೆ ಸಿಟ್ಟು ನೆತ್ತಿಗೇರುತ್ತದೆ. ಹೆಂಡತಿಯ ಮೇಲೆ ರೇಗುತ್ತೇನೆ, ಮಕ್ಕಳ ಮೇಲೆ ಕೂಗಾಡುತ್ತೇನೆ. ಮೊನ್ನೆ ಚಿಕ್ಕ ಮಗಳು ನನ್ನನ್ನು ಕಂಡು ಬಾಗಿಲ ಹಿಂದೆ ಸರಿದು ನಿಂತಳು. ನನ್ನಲ್ಲಿ ಏನು ಕೆಟ್ಟಿದೆ ಎಂದು ಇಲ್ಲಿ ಕೂತು ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ನಾನು ಇಲ್ಲಿಯೇ ಉಳಿದುಬಿಡಲೇ?"

ಗುರು ಈ ಕತೆ ಹೇಳಿದರು.

ಗುಡ್ಡದ ಮೇಲಿನ ಒಂದು ಊರಿನಲ್ಲಿ ಫಕೀರಪ್ಪ ಎಂಬ ಕಾರು ಚಾಲಕನಿದ್ದ. ಆ ಊರಿನ ನಾಲ್ವರಿಗೆ ಮೂತ್ರಪಿಂಡ ಕೆಟ್ಟಿತ್ತು. ಅವರು ವಾರಕ್ಕೆ ಎರಡು ಸಲ ಕೆಳಗಿನ ಪಟ್ಟಣದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಿತ್ತು. ಆ ಹೊತ್ತಿಗೆ ಬಸ್ಸಿರಲಿಲ್ಲ. ಫಕೀರಪ್ಪನ ಹಳೆಯ ಕಾರೇ ಅವರಿಗೆ ದಿಕ್ಕು.

ಒಂದು ದಿನ ಗುಡ್ಡ ಇಳಿಯುವಾಗ ಕಾರಿನ ಹಿಂಭಾಗದಲ್ಲಿ ಟಕ್ ಎಂದಿತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಟಕ್. ಹಿಂದಿನ ಸೀಟಿನಲ್ಲಿದ್ದ ನೀಲವ್ವ ಎಂಬ ಮುದುಕಿ, "ನಾ ಕುಂತ ಕಡೆನ ಬರಾಕತ್ತೈತಿ ನೋಡಪಾ" ಎಂದಳು.

ಫಕೀರಪ್ಪ ನಾಲ್ವರನ್ನೂ ಆಸ್ಪತ್ರೆಯಲ್ಲಿ ಇಳಿಸಿ ಒಂದು ಗ್ಯಾರೇಜಿಗೆ ಹೋದ. ಮೆಕ್ಯಾನಿಕ್ ಕಾರನ್ನು ಪಟ್ಟಣದ ತುಂಬ ಓಡಿಸಿ ನೋಡಿದ. ಸದ್ದು ಬರಲಿಲ್ಲ. ಆದರೆ ಅದೇ ಸಂಜೆ ಊರಿಗೆ ಹಿಂತಿರುಗುವಾಗ ಬಂತು. ಮುಂದಿನ ಸಲ ಫಕೀರಪ್ಪ ಇನ್ನೊಂದು ಗ್ಯಾರೇಜಿಗೆ ಹೋದ. ಅಲ್ಲಿ ಹಿಂದಿನ ಶಾಕ್ ಅಬ್ಸಾರ್ಬರುಗಳನ್ನೇ ಬದಲಾಯಿಸಿದರು. ಸದ್ದು ನಿಲ್ಲಲಿಲ್ಲ. ಮೂರನೆಯ ಕಡೆ ಒಬ್ಬ ನಗುತ್ತಾ, "ಗಾಡಿ ಬಿಟ್ಟು ಮೊದಲ ಕಿವಿ ತೋರಿಸ್ಕೊಂಡು ಬಾ" ಎಂದ.

ಫಕೀರಪ್ಪನಿಗೆ ನಿದ್ದೆ ಕೆಟ್ಟಿತು. ಗುಡ್ಡದ ಒಂದೊಂದು ತಿರುವಿನಲ್ಲಿಯೂ ಕಾರನ್ನು ನಡಿಗೆಯ ವೇಗಕ್ಕೆ ಇಳಿಸುತ್ತಿದ್ದ. ಕೊನೆಗೆ ಒಂದು ದಿನ ಆಸ್ಪತ್ರೆಯ ಬಾಗಿಲಲ್ಲಿ ನಾಲ್ವರಿಗೂ ಹೇಳಿಬಿಟ್ಟ: "ಮುಂದಿನ ವಾರದಿಂದ ಬ್ಯಾರೆ ಗಾಡಿ ನೋಡ್ಕೊಳ್ರಿ. ನಿಮ್ಮನ್ನ ಕುಂಡ್ರಿಸ್ಕೊಂಡು ಹೋಗಾಕ ನನಗ ಧೈರ್ಯ ಇಲ್ಲ."

ನೀಲವ್ವ, "ಬ್ಯಾರೆ ಗಾಡಿ ಎಲ್ಲಿಂದ ತರೂಣಪಾ?" ಎಂದು ಒಳಗೆ ನಡೆದಳು.

ಆ ಮಾತು ಅವನನ್ನು ಸುಮ್ಮನೆ ಕೂರಗೊಡಲಿಲ್ಲ. ಪಟ್ಟಣದ ಹೊರಗೆ ದಸ್ತಗೀರ ಎಂಬ ಹಳೆಯ ಮೆಕ್ಯಾನಿಕ್ ಇದ್ದಾನೆಂದು ಯಾರೋ ಹೇಳಿದ್ದರು. ಫಕೀರಪ್ಪ ಅಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿಕೊಂಡ. ದಸ್ತಗೀರ ಕಾರನ್ನು ಮುಟ್ಟಲೇ ಇಲ್ಲ.

"ಸದ್ದು ಯಾವಾಗ ಬರ್ತದ?"

"ಆ ನಾಲ್ಕು ಮಂದಿ ಕುಂತಾಗ."

"ಮತ್ತ ಖಾಲಿ ಗಾಡಿ ಯಾಕ ತಂದಿ?"

ಅವರೆಲ್ಲ ಆಸ್ಪತ್ರೆಯಲ್ಲಿರುವ ನಾಲ್ಕು ತಾಸಷ್ಟೇ ಕಾರು ಬಿಡುವಾಗಿರುತ್ತಿತ್ತು. ಚಿಕಿತ್ಸೆ ಮುಗಿಸಿ ಸುಸ್ತಾಗಿ ಬಂದವರನ್ನು ಫಕೀರಪ್ಪ ನೇರ ಮನೆಗೆ ಮುಟ್ಟಿಸುತ್ತಿದ್ದ. ಅವರನ್ನು ಕೂರಿಸಿಕೊಂಡು ಗ್ಯಾರೇಜಿಗೆ ಬರಬೇಕೆಂದು ಅವನಿಗೆ ಹೊಳೆದಿರಲೇ ಇಲ್ಲ.

ದಸ್ತಗೀರ ಕೈ ಒರೆಸಿಕೊಂಡು ಅವನೊಂದಿಗೆ ಆಸ್ಪತ್ರೆಗೆ ಹೋದ. ನಾಲ್ವರೂ ಹೊರಗೆ ಬರುವವರೆಗೆ ಕಾದ. ಅವರು ಪ್ರತಿ ಸಲ ಕೂರುವಂತೆಯೇ ಕೂತರು. ದಸ್ತಗೀರ ಹಿಂದಿನ ಸೀಟಿನಲ್ಲಿ ನೀಲವ್ವನ ಪಕ್ಕ ಹೇಗೋ ಒತ್ತರಿಸಿಕೊಂಡು ಕೂತ. ಕಾರು ಅವನ ಗ್ಯಾರೇಜಿನ ಮುಂದಿನ ರಸ್ತೆಯುಬ್ಬನ್ನು ಹತ್ತಿ ಇಳಿಯುತ್ತಲೇ ಟಕ್ ಎಂದಿತು.

"ಇಲ್ಲೇ ನಿಲ್ಲಸು" ಎಂದ ದಸ್ತಗೀರ.

ಕಾರು ನಿಂತಿತು. ಎಲ್ಲರೂ ಬಾಗಿಲು ತೆರೆದು ಇಳಿಯಹೊರಟರು.

"ಯಾರೂ ಇಳೀಬ್ಯಾಡ್ರಿ!"

ಅವನು ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿ ದೀಪ ಹಿಡಿದು ಕಾರಿನ ಹಿಂಭಾಗದ ಕೆಳಗೆ ತಲೆ ತೂರಿಸಿದ. ಹಿಂದಿನ ಭಾರವನ್ನೆಲ್ಲ ಹೊರುವ ಉಕ್ಕಿನ ಪಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಾಯಿಬಿಟ್ಟಿತ್ತು. ನೀಲವ್ವನನ್ನು ಸ್ವಲ್ಪ ಆ ಕಡೆ ಸರಿಯಲು ಹೇಳಿದ. ಬಿರುಕು ಮುಚ್ಚಿಕೊಂಡಿತು. ಈ ಕಡೆ ಸರಿಯಲು ಹೇಳಿದ. ಮತ್ತೆ ತೆರೆಯಿತು. ಕಾರು ಖಾಲಿಯಾದರೆ ಅಲ್ಲೊಂದು ಬಿರುಕಿದೆಯೆಂದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅವರನ್ನು ನೆರಳಿನ ಬೆಂಚಿನ ಮೇಲೆ ಕೂರಿಸಿ ದಸ್ತಗೀರ ಪಟ್ಟಿ ಬಿಚ್ಚಿದ. ಅದನ್ನು ಫಕೀರಪ್ಪನ ಕೈಗಿತ್ತು, "ಇನ್ನೊಂದು ವಾರ ಹೋಗಿದ್ರ ಗುಡ್ಡದಾಗ ಮುರೀತಿತ್ತು" ಎಂದ. ಫಕೀರಪ್ಪ ಪಟ್ಟಿಯನ್ನು ನೋಡಿದ, ಬೆಂಚಿನ ಮೇಲಿದ್ದ ನಾಲ್ವರನ್ನು ನೋಡಿದ. ಇಷ್ಟು ದಿನ ಅವನು ಆ ಸದ್ದನ್ನು ಶಪಿಸುತ್ತಿದ್ದ.

ಹೊಸ ಪಟ್ಟಿ ಹಾಕಲು ಎರಡು ತಾಸು ಹಿಡಿಯಿತು. ಸಂಜೆಯ ಬಿಸಿಲಿನಲ್ಲಿ ಕಾರು ಗುಡ್ಡ ಹತ್ತಿತು. ಒಂದು ತಿರುವು ಕಳೆಯಿತು, ಎರಡು ಕಳೆಯಿತು. ಎಲ್ಲರೂ ಕಿವಿಗೊಟ್ಟು ಕೂತಿದ್ದರು. ಮೂರನೆಯ ತಿರುವಿನ ಹೊತ್ತಿಗೆ ನೀಲವ್ವ ಸೀಟಿಗೆ ಒರಗಿ ನಿದ್ದೆ ಹೋದಳು. ಮುಂದಿನ ವಾರ ಫಕೀರಪ್ಪ ಎಂದಿಗಿಂತ ಮೊದಲೇ ಬಂದು ಅವಳ ಮನೆಯ ಮುಂದೆ ಹಾರ್ನ್ ಹೊಡೆದ.

ಕತೆ ಮುಗಿಯಿತು. ಮರುಳಪ್ಪ, "ಹಾಗಾದರೆ ನಾನು ಮನೆಗೆ ಹೋಗಬೇಕು. ಆದರೆ ಒಬ್ಬನೇ ಹೋಗಲು ನನಗೆ ಹೆದರಿಕೆ" ಎಂದ.

ಗುರು ಎದ್ದು ಶಲ್ಯ ಹೆಗಲಿಗೆ ಹಾಕಿಕೊಂಡರು.

"ನಡೆ, ಇವತ್ತು ನನ್ನ ಊಟ ನಿಮ್ಮ ಮನೆಯಲ್ಲಿ."

ಮರುಳಪ್ಪ ಎದ್ದು ಅವರೊಂದಿಗೆ ಮನೆಯ ದಾರಿ ಹಿಡಿದ.