ಸೌಟು ತಲೆ ಹಾಕಿದ್ದು

ಗೌರವ್ವ ಬೆಳಿಗ್ಗೆಯೇ ಹಾಲಿಗೆ ಹೆಪ್ಪು ಹಾಕಿ, ಗಡಿಗೆ ಮುಚ್ಚಿ ಹೊಲಕ್ಕೆ ಹೋದಳು. ಸೌಟಿಗೆ ತಳಮಳ ಶುರುವಾಯಿತು. ಮೂಲೆಯಲ್ಲಿ ನಿಂತಿದ್ದ ಕಡಗೋಲನ್ನು ಕೇಳಿತು: "ಅಣ್ಣಾ, ಕಡೆಯುವವನು ನೀನು. ಮೊಸರಾಯಿತೋ ಇಲ್ಲವೋ ನೋಡಬಾರದೇ?"

"ಈಗ ಅದು ಹಾಲಿಗೂ ಹೆಪ್ಪಿಗೂ ಬಿಟ್ಟ ವಿಚಾರ. ಮೊಸರಾದ ಮೇಲೆ ನನ್ನ ಕೆಲಸ" ಎಂದಿತು ಕಡಗೋಲು.

ಸೌಟಿಗೆ ತಡೆಯಲಾಗಲಿಲ್ಲ. ಮುಚ್ಚಳ ಸರಿಸಿ ಗಳಿಗೆಗೊಮ್ಮೆ ತಲೆ ಹಾಕಿತು, ಕಲಕಿತು. ಸಂಜೆ ಗೌರವ್ವ ನೋಡಿದರೆ ಗಡಿಗೆಯಲ್ಲಿ ಹಾಲೂ ಇಲ್ಲ, ಮೊಸರೂ ಇಲ್ಲ. ಬರೀ ಒಡಕು ನೀರು. ಯಾರ ಕೆಲಸವೆಂದು ಕೇಳಬೇಕಾಗಲಿಲ್ಲ. ಸೌಟಿನ ತಲೆಗೆ ಕೆನೆ ಮೆತ್ತಿತ್ತು.

"ಎಲ್ಲದರಲ್ಲೂ ತಲೆ ಹಾಕದಿದ್ದರೆ ನಿನಗೆ ತಿಂದ ಅನ್ನ ಅರಗುವುದಿಲ್ಲವೇ?" ಎನ್ನುತ್ತ ಅದನ್ನು ಬೂದಿ ಹಾಕಿ ತಿಕ್ಕಿದಳು.

ತಿಕ್ಕಿಸಿಕೊಳ್ಳುತ್ತಲೇ ಸೌಟು ಕಡಗೋಲಿನತ್ತ ನೋಡಿತು. ಆ ಮನೆಯಲ್ಲಿ ಅದರಷ್ಟು ರಭಸದಿಂದ ಸುತ್ತಬಲ್ಲವರು ಯಾರೂ ಇಲ್ಲ. ಆದರೂ ಆ ದಿನ ಅದರ ತಲೆ ಒಣಗಿಯೇ ಇತ್ತು.