ಅಕ್ಪಾನ್ ಆಗಲು ಹೊರಟ ಉದೊ

ಕಡಲಾಚೆ, ಆಫ್ರಿಕದಲ್ಲಿ, ನೈಜೀರಿಯ ಎಂಬ ದೇಶವಿದೆ. ಅಲ್ಲಿ ಇಬಿಬಿಯೊ ಎಂಬ ಜನ. ತುಂಬ ಹಿಂದೆ, ಆಮೆಗಳು ಇನ್ನೂ ಮಾತಾಡುತ್ತಿದ್ದಾಗ, ಆ ಜನರ ಒಂದು ರಾಜ್ಯದಲ್ಲಿ, ಹೊಳೆದಂಡೆಯ ಮೇಲೆ ಅಣ್ಣತಮ್ಮ ಇಬ್ಬರಿದ್ದರು. ಅಣ್ಣ ಅಕ್ಪಾನ್, ತಮ್ಮ ಉದೊ.

ಇಲ್ಲಿ ಸ್ವಲ್ಪ ನಿಲ್ಲಬೇಕು ಮಕ್ಕಳೇ, ಗಮ್ಮತ್ತೆಲ್ಲ ಈ ಹೆಸರಿನಲ್ಲೇ ಇದೆ. ಇಬಿಬಿಯೊ ಮನೆಗಳಲ್ಲಿ ಮೊದಲು ಹುಟ್ಟಿದ ಗಂಡುಮಗ ಅಕ್ಪಾನ್, ಎರಡನೆಯವನು ಉದೊ. ನಮ್ಮಲ್ಲಿ ದೊಡ್ಡಣ್ಣ, ಚಿಕ್ಕಣ್ಣ ಅಂತ ಹೆಸರಿಡುವುದಿಲ್ಲವೇ? ಹಾಗೆ. ಅದಕ್ಕೇ ಅಲ್ಲಿ ಮನೆಗೊಬ್ಬ ಅಕ್ಪಾನ್. ಸಂತೆಯಲ್ಲಿ ನಿಂತು "ಅಕ್ಪಾನ್" ಅಂತ ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ.

ಸರಿ, ಈ ಅಣ್ಣತಮ್ಮಂದಿರ ಅಪ್ಪ ತೀರಿಕೊಂಡ. ಅಪ್ಪನ ಪೀಠ, ಅಂದರೆ ಮನೆಯ ಯಜಮಾನಿಕೆ, ಹಿರಿಮಗನಿಗೆ ಬಂತು. ತಾಳೆ ಹೆಂಡವನ್ನು ನೆಲಕ್ಕೆ ಹನಿಸಿ, ಸತ್ತ ಹಿರಿಯರನ್ನು ಹೆಸರು ಹಿಡಿದು ಕರೆಯುವ ಗೌರವವೂ ಅವನಿಗೇ ಬಂತು. ಉದೊಗೆ ಹೊಟ್ಟೆಯಲ್ಲಿ ಬೆಂಕಿ. "ಮುಂಚೆ ಹುಟ್ಟಿದ್ದು ಬಿಟ್ಟರೆ ಇವನೇನು ಕಡಿದು ಕಟ್ಟೆಹಾಕಿದ್ದಾನೆ?" ಅಂತ ಕುದಿದ.

ಒಂದು ದಿನ ಇಬ್ಬರೂ ಮೀನಿಗೆ ಹೋದರು. ಹೊಳೆ ಕಡಲು ಸೇರುವಲ್ಲಿ ಒಂದು ಮರಳುದಿಬ್ಬ. ಅಣ್ಣ ಬಲೆ ಬಿಡಿಸಲು ಇಳಿದ. "ದೋಣಿ ಹಿಡ್ಕೊಂಡಿರು ತಮ್ಮಾ," ಅಂದ. ತಮ್ಮ ಹಿಡಿದುಕೊಳ್ಳಲಿಲ್ಲ. ಹುಟ್ಟು ಹಾಕಿದ. ತಮಾಷೆ ಅಂದುಕೊಂಡು ಅಣ್ಣ ನಗುತ್ತಿದ್ದ. ಆ ನಗು ಕೇಳಿಸುವಷ್ಟು ದೂರವೂ ಉದೊ ತಿರುಗಿ ನೋಡಲಿಲ್ಲ.

ಊರಿಗೆ ಬಂದು, "ಅಣ್ಣನನ್ನು ಮೊಸಳೆ ಎಳೆದುಕೊಂಡು ಹೋಯಿತು," ಅಂತ ಅತ್ತ. ಊರೂ ಅತ್ತಿತು.

ಬೆಳಗಾಗುವುದನ್ನೇ ಕಾದಿದ್ದು ಅವ್ವನ ಹತ್ತಿರ ಹೋದ. ಅವಳು ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. "ಅವ್ವಾ, ಇನ್ನು ನನ್ನನ್ನೇ ಅಕ್ಪಾನ್ ಅಂತ ಕರಿ."

"ಮುಖ ತೊಳ್ಕೊಂಡು ಬಾ, ಉದೊ," ಅಂದಳು ಅವ್ವ.

ತಾಳೆಯೆಣ್ಣೆ ಮಾರುವ ಎದುರುಮನೆ ಮುದುಕಿಯ ಹತ್ತಿರ ಹೋದ. "ಅಜ್ಜಿ, ಇನ್ನು ನಾನೇ ಅಕ್ಪಾನ್."

"ಹೌದಾ? ನಿಮ್ಮವ್ವ ನಿನ್ನನ್ನ ಇನ್ನೊಂದು ಸಲ ಹೆತ್ತಳೇನೋ?" ಅಂದಳು ಮುದುಕಿ.

ಕೊನೆಗೆ ಅರಸನ ಹತ್ತಿರ ಹೋದ. "ಒಡೆಯಾ, ಇನ್ನು ನಾನೇ ಅಕ್ಪಾನ್ ಅಂತ ಡಂಗುರ ಸಾರಿಸಬೇಕು."

ಅರಸ ತನ್ನ ಮಂತ್ರಿ ಆಮೆಯ ಮುಖ ನೋಡಿದ. ಆಮೆ ಕತ್ತು ಹೊರಗೆ ಚಾಚಿತು. ಅಣ್ಣ ಸತ್ತು ಒಂದು ದಿನವಾಗಿಲ್ಲ, ಇವನು ಹೆಣ ಹುಡುಕೋಣ ಅನ್ನುತ್ತಿಲ್ಲ, ಹೆಸರು ಕೇಳುತ್ತಿದ್ದಾನಲ್ಲ ಅಂತ ಅದಕ್ಕೆ ಅನುಮಾನ.

"ಆಗಲಿ ಮಗಾ, ಕೂತ್ಕೋ," ಅಂತು. ಆಮೇಲೆ ಬಾಗಿಲ ಕಡೆ ತಿರುಗಿ, "ಒಡೆಯಾ, ಅಗೋ ಅಕ್ಪಾನ್ ಬಂದ," ಅಂತು.

ಉದೊ ಚಂಗನೆ ಎದ್ದು ನಿಂತ. "ದೋಣಿ ಇಲ್ಲದೆ ದಿಬ್ಬದಿಂದ ಹೇಗೆ ಬಂದ?"

ಬಾಗಿಲಲ್ಲಿ ಗೆಣಸಿನ ಬುಟ್ಟಿ ಹೊತ್ತು ಅರಮನೆ ಅಡುಗೆಯವಳ ಹಿರಿಮಗ ನಿಂತಿದ್ದ. ಹಿರಿಮಗ ಅಂದಮೇಲೆ ಅವನ ಹೆಸರೂ ಅಕ್ಪಾನೇ. "ಎಲ್ಲರೂ ನನ್ನನ್ನೇ ಯಾಕೆ ನೋಡ್ತಿದ್ದೀರಿ? ಗೆಣಸು ಎಲ್ಲಿ ಇಳಿಸಲಿ?" ಅಂತ ಕೇಳಿದ.

ಆಮೆ ಮೆಲ್ಲಗೆ ಕೇಳಿತು: "ಮೊಸಳೆ ಹೊಟ್ಟೆಯಲ್ಲಿ ಇರೋವನಿಗೆ ದೋಣಿ ಯಾಕೆ ಬೇಕು, ಉದೊ?"

ಅರಸ ಕೂಡಲೇ ದಿಬ್ಬಕ್ಕೆ ದೋಣಿಗಳನ್ನು ಅಟ್ಟಿದ. ಎಲ್ಲರಿಗಿಂತ ಮುಂದಿನ ದೋಣಿಯಲ್ಲಿ ಅವ್ವ ಕೂತಿದ್ದಳು. ಆದರೆ ಇರುಳೆಲ್ಲ ಕಡಲು ಉಕ್ಕಿ ಇಳಿದಿತ್ತು. ದಿಬ್ಬ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಅಣ್ಣನನ್ನು ದಾರಿಹೋಕ ದೋಣಿಯವರು ಹತ್ತಿಸಿಕೊಂಡರೋ, ಕಡಲೇ ಒಯ್ದಿತೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

"ಅಪ್ಪನ ಪೀಠ ಖಾಲಿಯೇ ಇರಲಿ. ನೀನು ಹೋಗಿ ಅಣ್ಣನನ್ನು ಹುಡುಕಿಕೊಂಡು ಬಾ," ಅಂದ ಅರಸ. ಆಗ ಉದೊ ಅತ್ತ. ಈ ಸಲ ನಿಜವಾಗಿ ಅತ್ತ. ಏನು ಮಾಡುವುದು, ಹೊತ್ತು ಮೀರಿತ್ತು.

ಅವನು ಊರೂರು ತಿರುಗಿದ. ಎಲ್ಲಿ ಹೋದರೂ ಜನ ಹೆಸರು ಕೇಳುತ್ತಿದ್ದರು. "ಉದೊ" ಅನ್ನುತ್ತಿದ್ದ. "ಓಹೋ, ಎರಡನೆಯವನು. ನಿಮ್ಮ ಅಕ್ಪಾನ್ ಎಲ್ಲಿ?" ಅಂತ ಅವರು ಸಹಜವಾಗಿ ಕೇಳುತ್ತಿದ್ದರು. ಅವನು ಮತ್ತೆ ದೋಣಿ ಹತ್ತುತ್ತಿದ್ದ.

ಹೊಳೆಯ ನಡುವೆ ದೋಣಿ ನಿಲ್ಲಿಸಿ, "ಅಕ್ಪಾನ್" ಅಂತ ಕೂಗುತ್ತಿದ್ದ. ಎಡದಂಡೆಯಿಂದ ಒಬ್ಬ "ಓ" ಅನ್ನುತ್ತಿದ್ದ. ಬಲದಂಡೆಯಿಂದ ಒಬ್ಬ "ಓ" ಅನ್ನುತ್ತಿದ್ದ. ದೂರದ ತಾಳೆಮರದ ಮೇಲಿಂದ ಇನ್ನೊಬ್ಬ "ಯಾರಪ್ಪಾ ಕರೆದದ್ದು?" ಅನ್ನುತ್ತಿದ್ದ. ನಾಡೆಲ್ಲ ಅಕ್ಪಾನರೇ. ಉದೊ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ನೋಡಿ, "ನೀನಲ್ಲಣ್ಣಾ" ಅಂದು ಮುಂದಕ್ಕೆ ಹುಟ್ಟು ಹಾಕುತ್ತಿದ್ದ.

ನೀತಿ ಇಷ್ಟೇ, ಮಕ್ಕಳೇ. ಒಡಹುಟ್ಟಿದವರನ್ನು ದೂಡಿ ಅವರ ಜಾಗದಲ್ಲಿ ಕೂರಲು ಹೋದರೆ ಜಾಗವೂ ಸಿಕ್ಕುವುದಿಲ್ಲ, ಅವರೂ ಸಿಕ್ಕುವುದಿಲ್ಲ. ಜಗಳ ಇದ್ದರೆ, ಅಣ್ಣ ಕೈಗೆಟಕುವಷ್ಟು ಹತ್ತಿರ ಇರುವಾಗಲೇ ಆಡಿ ಮುಗಿಸಿಬಿಡಿ.