ಸೊನ್ನೆ ವೇಗದ ಕುದುರೆ

"ಈ ಸೀಮೆಯಲ್ಲಿ ನನ್ನ ಕುದುರೆಗಿಂತ ವೇಗವಾದದ್ದು ಏನಾದರೂ ಇದ್ದರೆ ಎದ್ದು ಹೇಳಿ!" ಎಂದು ದಳವಾಯಿ ಬೈಚರಸರು ತುಂಬಿದ ಸಭೆಯಲ್ಲಿ ಗುಡುಗಿದರು.

ಸರಿಯಾಗಿ ಆಗಲೇ ನನಗೆ ಆಕಳಿಕೆ ಬಂತು.

"ಓಹೋ, ವಿದೂಷಕ ಕೇತಪ್ಪನವರಿಗೆ ನಿದ್ದೆ! ಮಹಾಪ್ರಭು, ಈ ಹೊಟ್ಟೆಯನ್ನು ಯಾಕೆ ಸಾಕುತ್ತಿದ್ದೀರಿ? ನಾಳೆ ನನ್ನ ಜೊತೆ ಪಂದ್ಯಕ್ಕೆ ಬರಲಿ. ಸೋತರೆ ಊರು ಬಿಡಲಿ."

ಹೊಟ್ಟೆಯ ವಿಷಯದಲ್ಲಿ ಅವರು ಹೇಳಿದ್ದು ಸುಳ್ಳಲ್ಲ. ನಾನು ಬಾಗಿಲಿಗೆ ಬರುವ ಮೊದಲೇ ಅದು ಒಳಗೆ ಹೋಗಿರುತ್ತದೆ. ಆದರೆ ಹೆಂಡತಿ, ಹೆಣ್ಣುಮಕ್ಕಳು, ಮಾತು ಬಿಡದ ಅತ್ತೆ, ಇವರನ್ನೆಲ್ಲ ಕರೆದುಕೊಂಡು ಎಲ್ಲಿಗೆ ಹೋಗಲಿ? ತಮಾಷೆ ನೋಡುವ ಆಸೆಗೆ ಮಹಾರಾಜರು ಆಗಲೇ ಹೂಂ ಅಂದುಬಿಟ್ಟಿದ್ದರು.

"ದಳವಾಯಿಗಳು ಎಲ್ಲಿಯವರೆಗೆ ಓಡುತ್ತೀರಿ?" ಎಂದೆ.

"ಹೊಳೆಯವರೆಗೆ ಹೋಗಿ, ನೀನು ಪೇಟೆ ದಾಟುವುದರೊಳಗೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೇನೆ!"

"ಹೊರಟ ಜಾಗಕ್ಕೇ?"

"ಗೊರಸಿನ ಗುರುತಿನ ಮೇಲೇ ಗೊರಸು!"

"ಆಗಲಿ. ನೀವು ಬಂದು ನಿಂತ ಕ್ಷಣಕ್ಕೆ ಪಂದ್ಯ ಮುಗಿಯಲಿ. ಯಾರ ಸರಾಸರಿ ವೇಗ ಹೆಚ್ಚೋ ಅವರು ಗೆದ್ದಂತೆ. ಲೆಕ್ಕ ತಿರುಮಲ ಜೋಯಿಸರದು."

ಜೋಯಿಸರಿಗೆ ಯಾರಾದರೂ ಲೆಕ್ಕ ಕೇಳಿದರೆ ಸಾಕು, ಮುಖ ಅರಳುತ್ತದೆ. "ಸುಲಭ! ಹೊರಟ ಜಾಗದಿಂದ ಕೊನೆಗೆ ನಿಂತ ಜಾಗ ಎಷ್ಟು ದೂರವೋ ಅದನ್ನು ಹಿಡಿದ ಹೊತ್ತಿನಿಂದ ಭಾಗಿಸುವುದು. ಅದೇ ಸರಾಸರಿ ವೇಗ."

"ಹೇಗಾದರೂ ಭಾಗಿಸಿಕೊಳ್ಳಿ!" ಎಂದು ದಳವಾಯಿಗಳು ನಕ್ಕರು. ಮಹಾರಾಜರು ಒಪ್ಪಿದರು.

ಕೋಟೆ ಬಾಗಿಲಿನಿಂದ ಹೊಳೆಯವರೆಗೆ ಸಮದೂರಕ್ಕೆ ಒಂಬತ್ತು ಕಲ್ಲು ನೆಟ್ಟಿದ್ದರು. ಮರುದಿನ ಕುದುರೆ ದಾಟಿದೊಡನೆ ಬಾರಿಸಲು ಕಲ್ಲಿಗೊಬ್ಬ ನಗಾರಿಯವನು ನಿಂತ. ಕಹಳೆ ಊದಿದ್ದೇ ತಡ, ಕುದುರೆ ನನ್ನ ಮುಖಕ್ಕೆ ದೂಳೆರಚಿ ಮಾಯವಾಯಿತು. ನಾನು ಸೆರಗು ಸಿಕ್ಕಿಸಿದ ಮುದುಕಿಯ ಹಾಗೆ ಪಂಚೆ ಎತ್ತಿ ಕಟ್ಟಿಕೊಂಡು ಹೊರಟೆ. ದಾರಿಯಲ್ಲಿ ಒಂದು ಬಾತುಕೋಳಿ ನನ್ನನ್ನು ಹಿಂದೆ ಹಾಕಿತು. ಮಜ್ಜಿಗೆ ಮಾರುವ ಸಿದ್ದವ್ವ, "ಬುದ್ಧೀ, ಕೂತು ಓಡಿ, ಆಯಾಸ ಆಗುತ್ತೆ" ಅಂದಳು. ಕೂತೆ. ಮಜ್ಜಿಗೆ ಕುಡಿದು, ಎದ್ದು, ಮೊದಲನೇ ಕಲ್ಲು ಮುಟ್ಟಿ ಅದಕ್ಕೇ ಒರಗಿಕೊಂಡೆ. ಅಷ್ಟರಲ್ಲಿ ಮತ್ತೆ ಮುಖಕ್ಕೆ ದೂಳು. ದಳವಾಯಿಗಳು ವಾಪಸು ಹೋಗುತ್ತಿದ್ದರು!

ಕೊನೆಯ ಕಹಳೆಯಾದ ಮೇಲೆ ಮಹಾರಾಜರು ಪರಿವಾರದೊಡನೆ ನಾನಿದ್ದಲ್ಲಿಗೇ ಬಂದರು.

"ಮೂಟೆ ಕಟ್ಟು ಕೇತಪ್ಪ!" ಎಂದರು ದಳವಾಯಿಗಳು.

"ಮೊದಲು ಲೆಕ್ಕವಾಗಲಿ" ಎಂದೆ.

ಜೋಯಿಸರು ಮುಂದೆ ಬಂದರು. "ಏನು ಕುದುರೆ, ಪ್ರಭು! ನಗಾರಿಗಳನ್ನು ಕೇಳಿ ಸೂತ್ರವನ್ನೇ ಕಟ್ಟಿಬಿಟ್ಟೆ. ಓಟಕ್ಕೆ ಹಿಡಿದದ್ದು ಒಟ್ಟು ಆರು ಗಳಿಗೆ. ಯಾವ ಹೊತ್ತಿಗೇ ಆಗಲಿ, ಕಳೆದ ಗಳಿಗೆಯನ್ನು ಉಳಿದ ಗಳಿಗೆಯಿಂದ ಗುಣಿಸಿದರೆ ಕುದುರೆ ಎಷ್ಟನೇ ಕಲ್ಲಿನಲ್ಲಿದೆ ಅಂತ ತಿಳಿಯುತ್ತದೆ. ಒಂದು ಕಳೆದಾಗ ಉಳಿದದ್ದು ಐದು: ಐದನೇ ಕಲ್ಲು. ಮೂರು ಕಳೆದಾಗ ಉಳಿದದ್ದು ಮೂರು: ಒಂಬತ್ತನೇ ಕಲ್ಲು, ಹೊಳೆ ದಂಡೆ!"

"ಭಲೇ!" ಎಂದರು ದಳವಾಯಿಗಳು.

"ಆರು ಕಳೆದಾಗ?" ಎಂದೆ.

"ಉಳಿದದ್ದು ಸೊನ್ನೆ. ಆರು ಸೊನ್ನೆಲೆ…" ಜೋಯಿಸರು ಬೆರಳು ಮಡಿಸಿ ಇನ್ನೊಮ್ಮೆ ಎಣಿಸಿದರು. "ಹೊರಟ ಜಾಗವೂ ಕೋಟೆ ಬಾಗಿಲು, ನಿಂತ ಜಾಗವೂ ಕೋಟೆ ಬಾಗಿಲು. ನಡುವೆ ದೂರವೇ ಇಲ್ಲ. ಪ್ರಭು, ದಳವಾಯಿಗಳ ಸರಾಸರಿ ವೇಗ ಸೊನ್ನೆ."

"ಹೊಳೆಯವರೆಗೆ ಮಾತ್ರ ಲೆಕ್ಕ ಹಾಕಿ! ಆಗ ಗಳಿಗೆಗೆ ಮೂರು ಕಲ್ಲು!" ದಳವಾಯಿಗಳು ಕೂಗಿದರು.

"ಹೊಳೆಯ ಹತ್ತಿರವೇ ನಿಂತಿದ್ದರೆ ಹಾಗೇ ಆಗುತ್ತಿತ್ತು ಸ್ವಾಮಿ. ಗೊರಸಿನ ಮೇಲೆ ಗೊರಸು ಇಡುತ್ತೇನೆ ಅಂದವರು ನೀವೇ. ನಾನು ಆರು ಗಳಿಗೆಗೆ ಒಂದೇ ಕಲ್ಲು ನಡೆದವನು. ಬಾತುಕೋಳಿಗೂ ಸೋತೆ. ಆದರೆ ಸೊನ್ನೆಗಿಂತ ಒಂದಿಷ್ಟು ಮುಂದಿದ್ದೇನೆ."

ಮಹಾರಾಜರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಗೆದ್ದೆ ಕಣಯ್ಯ! ನಡೆ, ಅರಮನೆಗೆ ಹೋಗೋಣ. ಬೇಕಾದ್ದು ಕೇಳು."

ನಿಜ ಹೇಳಬೇಕೆಂದರೆ ಅಂಗಾಲಿನಲ್ಲಿ ಬೊಬ್ಬೆ ಎದ್ದು ನನಗೆ ಒಂದು ಹೆಜ್ಜೆಯನ್ನೂ ಇಡಲಾಗುತ್ತಿರಲಿಲ್ಲ. ಹಾಗಂತ ಹೇಳುವುದು ಹೇಗೆ? ಕಲ್ಲನ್ನು ತಬ್ಬಿಕೊಂಡೆ.

"ಬರಲಾರೆ ಪ್ರಭು. ಹಿಂದಿರುಗಿದರೆ ನನ್ನ ವೇಗವೂ ಸೊನ್ನೆಯಾಗುತ್ತದೆ. ನನಗೆ ಇಲ್ಲೇ ಒಂದು ಮನೆ ಕಟ್ಟಿಸಿಕೊಡಿ. ಅಡುಗೆಮನೆ ಮಾತ್ರ ದೊಡ್ಡದಾಗಿರಲಿ."